‘ಸಾಹಿತ್ಯ: ಜಾನಪದ’ — ಸಕಲೇಶಪುರದ ಒಂದು ಹಾಡು, ಹಾಸನದ ಒಂದು ಫೈಲು

ಇದು ಮಾದರಿ ಪ್ರಕರಣ. ಹಾಸನ ಜಿಲ್ಲೆಯಂಥ ಕಡೆ ಕೃತಿಸ್ವಾಮ್ಯ ಮತ್ತು ಮನರಂಜನಾ ಕಾನೂನು ನೋಡಿಕೊಳ್ಳುವ ವಕೀಲರ ಮೇಜಿಗೆ ಬರುವ ತಕರಾರುಗಳ ಎಳೆಗಳನ್ನು ಒಂದೇ ಹಾಡಿನ ಸುತ್ತ ಹೆಣೆಯಲಾಗಿದೆ. ಕಕ್ಷಿದಾರರ, ಕಂಪನಿಗಳ ಹೆಸರಿಲ್ಲ. ಅವರ ನಡುವಿನ ತಾರೀಖು, ಮೊತ್ತಗಳು ಲೆಕ್ಕ ತೋರಿಸಲು ಇಟ್ಟವು. ಕಾಯ್ದೆಯ ಕಲಂ, ತೀರ್ಪು, ಗಡುವು, ಶುಲ್ಕಗಳು ಮಾತ್ರ ಇರುವುದು ಇರುವ ಹಾಗೆ.

ಹಾಡು ಎಲ್ಲಿಂದ ಎಲ್ಲಿಗೆ ಹೋಯಿತು

ಕಕ್ಷಿದಾರರು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವುದು, ಸಂಜೆ ಹಣ್ಣು ತೂಗಿಸಿ ಹಾಜರಿ-ಕೂಲಿ ಲೆಕ್ಕದ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆ ಮಾಡುವುದು ಅವರ ಕೆಲಸ. ಬಿಡುವಿನಲ್ಲಿ ಹಾಡು ಕಟ್ಟುತ್ತಾರೆ. 2019ರ ಜನವರಿಯಲ್ಲಿ, ರೊಬಸ್ಟಾ ಕೊಯ್ಲಿನ ಹೊತ್ತಿಗೆ, ಊರಿನ ಸುಗ್ಗಿ ಕುಣಿತದಲ್ಲಿ ಹೇಳಿಕೊಂಡು ಬಂದ ಎರಡು ಸಾಲನ್ನು ಪಲ್ಲವಿಯಾಗಿ ಇಟ್ಟುಕೊಂಡು ನಾಲ್ಕು ಚರಣ ಬರೆದರು. ಚರಣಕ್ಕೆ ಬೇರೆ ಮಟ್ಟು ಹಾಕಿದರು. ಮಾರ್ಚ್‌ನಲ್ಲಿ ಹಾಸನದ ಒಂದು ಸಣ್ಣ ಸ್ಟುಡಿಯೋಗೆ 12,000 ರೂಪಾಯಿ ಕೊಟ್ಟು ಧ್ವನಿಮುದ್ರಣ ಮಾಡಿಸಿದರು. ಹಾಡಿದ್ದು ಅಕ್ಕನ ಮಗಳು. ಆಗ ಅವಳಿಗೆ 16 ವರ್ಷ. ಏಪ್ರಿಲ್‌ನಲ್ಲಿ ತಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಹಾಕಿದರು.

2021ರ ನವೆಂಬರ್ 14ರಂದು ಸಣ್ಣ ಬಜೆಟ್ಟಿನ ಕನ್ನಡ ಚಿತ್ರವೊಂದರ ನಿರ್ಮಾಪಕರು 25,000 ರೂಪಾಯಿ ಕೊಟ್ಟು, 100 ರೂಪಾಯಿಯ ಇ-ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರು. ಚಿತ್ರಕ್ಕಾಗಿ ಬೇರೆ ಗಾಯಕಿಯಿಂದ ಹಾಡಿಸಿದರು. ಆಡಿಯೋ ಹಕ್ಕು ಬೆಂಗಳೂರಿನ ಒಂದು ಆಡಿಯೋ ಕಂಪನಿಗೆ ಹೋಯಿತು. 2022ರ ಆಗಸ್ಟ್ 19ಕ್ಕೆ ಚಿತ್ರ ಬಿಡುಗಡೆಯಾಯಿತು. ಚಿತ್ರ ಓಡಲಿಲ್ಲ, ಹಾಡು ಓಡಿತು.

ಮುಂದೆ ನಾಲ್ಕು ಸಂಗತಿಗಳು ಒಂದರ ಹಿಂದೆ ಒಂದು ನಡೆದವು. ಚಿತ್ರದ ಟೈಟಲ್ ಕಾರ್ಡಿನಲ್ಲೂ ಆಡಿಯೋ ಕಂಪನಿಯ ವಿವರಣೆಯಲ್ಲೂ ‘ಸಾಹಿತ್ಯ: ಜಾನಪದ’ ಎಂದು ಬಂತು. 2022ರ ಸೆಪ್ಟೆಂಬರ್‌ನಲ್ಲಿ ಅವರ 2019ರ ವಿಡಿಯೋ ಮೇಲೆ ಕಂಪನಿಯ ಕಂಟೆಂಟ್ ಐಡಿ ಕ್ಲೇಮು (ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬ್ ವ್ಯವಸ್ಥೆಯ ಮೂಲಕ ಬರುವ ಹಕ್ಕಿನ ಕೋರಿಕೆ) ಬಿದ್ದು, ಅದರ ಜಾಹೀರಾತಿನ ದುಡ್ಡು ಕಂಪನಿಯ ಕಡೆ ತಿರುಗಿತು. ಶಾಲಾ ವಾರ್ಷಿಕೋತ್ಸವದಲ್ಲಿ ಹಾಡಿಸಿ 2023ರ ಡಿಸೆಂಬರ್‌ನಲ್ಲಿ ಹಾಕಿದ್ದ ಇನ್ನೊಂದು ವಿಡಿಯೋವನ್ನು 2024ರ ಜುಲೈನಲ್ಲಿ ತೆಗೆದುಹಾಕಿ ಚಾನೆಲ್‌ಗೆ ಸ್ಟ್ರೈಕ್ (ಹಕ್ಕು ಉಲ್ಲಂಘನೆಯ ಎಚ್ಚರಿಕೆ) ಕೊಟ್ಟರು. ಅದೇ ಹೊತ್ತಿಗೆ ಒಂದು ಕಾಫಿಪುಡಿ ಬ್ರ್ಯಾಂಡಿನ ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಇದೇ ಹಾಡಿನ ಎರಡನೇ ಚರಣ ಕೇಳಿಸಿತು.

2024ರ ಆಗಸ್ಟ್‌ನಲ್ಲಿ ಅವರು ಹಾಸನದ ವಕೀಲರ ಹತ್ತಿರ ಬಂದಾಗ ಕೇಳಿದ್ದು ಒಂದೇ: ಕಂಪನಿಯವರ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು.

ಒಂದೂವರೆ ಪುಟದ ಅಗ್ರಿಮೆಂಟು

“ರೈಟ್ರೇ, ಸಹಿ ಹಾಕೋಕೆ ಮುಂಚೆ ಇದನ್ನ ಓದಿದ್ರಾ?”

“ಓದ್ದೆ ಸಾರ್. ಚಿತ್ರಕ್ಕೆ ಅಂತ ಇತ್ತಲ್ಲ, ಚಿತ್ರಕ್ಕೆ ತಾನೆ ಅಂದ್ಕೊಂಡೆ.”

ಆ ಮಾತು ದಡ್ಡತನದ್ದಲ್ಲ. ಅಗ್ರಿಮೆಂಟಿನ ಜೀವ ಇರುವುದು ಆ ಒಂದು ಪದದಲ್ಲೇ. ಕಾಗದದಲ್ಲಿ ಇದ್ದದ್ದು ಹೀಗೆ: ‘ಸದರಿ ಹಾಡಿನ ಸಂಪೂರ್ಣ ಹಕ್ಕನ್ನು ತಮ್ಮ ಚಿತ್ರಕ್ಕಾಗಿ ಬಿಟ್ಟುಕೊಟ್ಟಿರುತ್ತೇನೆ, ಮುಂದೆ ನನ್ನದಾಗಲಿ ನನ್ನ ವಾರಸುದಾರರದ್ದಾಗಲಿ ಯಾವುದೇ ತಕರಾರು ಇರುವುದಿಲ್ಲ.’ ಇದು ಜಮೀನಿನ ಕ್ರಯಪತ್ರದ ಭಾಷೆ. ಪತ್ರಬರಹಗಾರರಿಗೆ ರೂಢಿಯಾದ ಮಾದರಿಯನ್ನೇ ಹಾಡಿಗೂ ಹೊಲಿದಿದ್ದಾರೆ. ಜಮೀನಿಗಾದರೆ ಚಕ್ಕುಬಂದಿ ಇಲ್ಲದೆ ಕ್ರಯಪತ್ರ ಬರೆಯುವುದಿಲ್ಲ. ಇಲ್ಲಿ ಚಕ್ಕುಬಂದಿಯೇ ಇಲ್ಲ. ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ, ಯಾವ ಮಾಧ್ಯಮಕ್ಕೆ, ರಾಯಲ್ಟಿ ಎಷ್ಟು, ಒಂದೂ ಇಲ್ಲ.

ಹೀಗೆ ಖಾಲಿ ಬಿಟ್ಟ ಜಾಗವನ್ನು ಕೃತಿಸ್ವಾಮ್ಯ ಕಾಯ್ದೆ 1957ರ ಕಲಂ 19 ತಾನೇ ತುಂಬುತ್ತದೆ, ಅದೂ ಬರೆದವನ ಪರವಾಗಿ. ಅವಧಿ ಬರೆಯದಿದ್ದರೆ 19(5)ರ ಪ್ರಕಾರ ಐದು ವರ್ಷ. ಪ್ರದೇಶ ಬರೆಯದಿದ್ದರೆ 19(6)ರ ಪ್ರಕಾರ ಭಾರತದೊಳಗೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿರದ ಹೊರತು, 19(4)ರ ಪ್ರಕಾರ ಆ ಹಕ್ಕು ಬಿದ್ದುಹೋಗುತ್ತದೆ. ಹಾಗಾಗಿ ‘ಸಂಪೂರ್ಣ ಹಕ್ಕು’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡ ನಿರ್ಮಾಪಕರ ಕೈಯಲ್ಲಿ ಇದ್ದದ್ದು 2026ರ ನವೆಂಬರ್‌ವರೆಗಿನ, ಭಾರತದ ಗಡಿಯೊಳಗಿನ, ‘ಚಿತ್ರಕ್ಕಾಗಿ’ ಎಂಬ ಬೇಲಿಯೊಳಗಿನ ಹಕ್ಕು. ನಿರ್ಮಾಪಕರು ತಮ್ಮಲ್ಲಿ ಇಲ್ಲದ್ದನ್ನು ಆಡಿಯೋ ಕಂಪನಿಗೆ ಮಾರಲಾರರು. ಕಂಪನಿ ಕಾಫಿಪುಡಿಯವರಿಗೂ ಮಾರಲಾಗದು.

ಒಂದು ಎಚ್ಚರಿಕೆ ಹೇಳಲೇಬೇಕು. ಅಗ್ರಿಮೆಂಟು ಕೆಟ್ಟದಾಗಿದ್ದದ್ದೇ ಇವರನ್ನು ಉಳಿಸಿತು. ದೊಡ್ಡ ಕಂಪನಿಗಳ ಅಚ್ಚಾದ ಕರಾರಿನಲ್ಲಿ ಅವಧಿ, ಪ್ರದೇಶ, ಮಾಧ್ಯಮ ಎಲ್ಲವನ್ನೂ ಉದ್ದುದ್ದ ಬರೆದು, 19(4) ಅನ್ವಯಿಸದು ಎಂದೂ ಸೇರಿಸಿರುತ್ತಾರೆ. ಅಂಥ ಕಾಗದಕ್ಕೆ ಸಹಿ ಹಾಕಿದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅವರಿಗೆ ಉಳಿಯುವುದು ರಾಯಲ್ಟಿಯ ಪಾಲು ಮಾತ್ರ. ಅದನ್ನು ಸಹಿ ಹಾಕಿಯೂ ಕಳೆದುಕೊಳ್ಳಲಾಗದು, ಏಕೆಂದರೆ 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಲಂ 18ಕ್ಕೆ ಸೇರಿದ ನಿಯಮ ಹಾಗಿದೆ. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಯಾವ ರೂಪದಲ್ಲಿ ಬಳಸಿದರೂ, ಗೀತರಚನೆಕಾರ ಮತ್ತು ಸಂಗೀತ ಸಂಯೋಜಕರಿಗೆ ಹಕ್ಕು ಪಡೆದವರ ಜೊತೆ ಸಮಪಾಲು. ಈ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಟ್ಟರೆ ಅದು ಊರ್ಜಿತವಲ್ಲ. 1977ರಲ್ಲಿ ಈಸ್ಟರ್ನ್ ಇಂಡಿಯನ್ ಮೋಷನ್ ಪಿಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ಮಾಪಕರ ಕಡೆ ವಾಲಿದ ಮೇಲೆ ಮೂವತ್ತೈದು ವರ್ಷ ಕಾದು ಬಂದ ತಿದ್ದುಪಡಿ ಅದು.

ಹಾಡನ್ನು ಬಿಡಿಸಿಡುವುದು

ಕಕ್ಷಿದಾರರಿಗೆ ಹಾಡು ಒಂದೇ. ವಕೀಲರಿಗೆ ಅದು ಐದು ಬೇರೆ ಬೇರೆ ಸ್ವತ್ತು, ಒಂದೊಂದಕ್ಕೂ ಒಬ್ಬೊಬ್ಬ ಮಾಲೀಕ. ಫೈಲಿನ ಮೊದಲ ಹಾಳೆಯಲ್ಲಿ ಈ ಪಟ್ಟಿ ಇಲ್ಲದಿದ್ದರೆ ಮುಂದಿನ ನೋಟಿಸು, ದಾವೆ ಎಲ್ಲ ಅಡ್ಡಾದಿಡ್ಡಿ ಹೋಗುತ್ತದೆ.

ಸಾಹಿತ್ಯ ಒಂದು, ಮಟ್ಟು ಇನ್ನೊಂದು. ಎರಡಕ್ಕೂ ಕರ್ತೃ ರೈಟರ್ ಅವರೇ. ತೋಟದ ನೌಕರಿಯಲ್ಲಿದ್ದಾಗ ಬರೆದದ್ದು ಮಾಲೀಕನಿಗೆ ಸೇರುವುದಿಲ್ಲವೇ ಎಂದು ಎದುರು ಪಕ್ಷ ಕೇಳಬಹುದು. ಕಲಂ 17 ಹೇಳುವುದು ನೌಕರಿಯ ಕೆಲಸವಾಗಿ ಮಾಡಿದ ಕೃತಿಯ ಬಗ್ಗೆ. ಚೆಕ್‌ರೋಲ್ ಬರೆಯುವವನ ಕೆಲಸದಲ್ಲಿ ಹಾಡು ಕಟ್ಟುವುದು ಬರುವುದಿಲ್ಲ. ಮೂರನೆಯದು 2019ರ ಧ್ವನಿಮುದ್ರಣ. ಧ್ವನಿಮುದ್ರಣಕ್ಕೆ ಕರ್ತೃ ಎಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರು. ಸ್ಟುಡಿಯೋದವರು ಕೂಲಿಗೆ ಕೆಲಸ ಮಾಡಿದ್ದಾರೆ, 12,000ದ ರಸೀದಿ ಅದಕ್ಕೆ ಸಾಕ್ಷಿ. ಆ ರಸೀದಿ ಕಳೆದಿದ್ದರೆ ಸ್ಟುಡಿಯೋದವರೂ ಒಬ್ಬ ಹಕ್ಕುದಾರರಾಗಿ ಎದ್ದು ನಿಲ್ಲುವ ಸಾಧ್ಯತೆ ಇತ್ತು. ನಾಲ್ಕನೆಯದು ಚಿತ್ರದ ಧ್ವನಿಮುದ್ರಣ, ಅದು ಕಂಪನಿಯದ್ದೇ. ಅದರಲ್ಲಿ ತಕರಾರು ಎತ್ತಬಾರದು. ಆದರೆ ಅದರೊಳಗೆ ಕೂತ ಸಾಹಿತ್ಯ-ಸಂಗೀತದ ಪ್ರತ್ಯೇಕ ಹಕ್ಕಿಗೆ ಅದರಿಂದ ಧಕ್ಕೆಯಿಲ್ಲ ಎಂದು 13(4) ಹೇಳುತ್ತದೆ. ಐದನೆಯದು ಹಾಡಿದವರ ಹಕ್ಕು, ಅಂದರೆ ಕಲಂ 38ರಿಂದ 38-ಬಿವರೆಗಿನ ಪ್ರದರ್ಶಕರ ಹಕ್ಕು.

ಈ ಐದನೆಯದರಲ್ಲಿ ಒಂದು ತೂತು ಇತ್ತು. ಅಕ್ಕನ ಮಗಳು 2019ರಲ್ಲಿ ಅಪ್ರಾಪ್ತೆ, ಕಾಗದ ಯಾವುದೂ ಇಲ್ಲ. ಈಗ 21 ವರ್ಷ. ಅವಳಿಂದ ಲಿಖಿತ ಒಪ್ಪಿಗೆ, ಅವಳ ಪಾಲಿನ ರಾಯಲ್ಟಿ ನಮೂದಿಸಿ, ಮೊದಲ ವಾರದಲ್ಲೇ ತೆಗೆದುಕೊಳ್ಳಲಾಯಿತು. ‘ನಮ್ಮ ಹುಡುಗೀನೇ ಸಾರ್, ಅವಳಿಂದ ಏನು ಬರೆಸೋದು’ ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ನೆಂಟಸ್ತನ ಚೆನ್ನಾಗಿರುವಾಗ ಬರೆಸಿಕೊಳ್ಳುವುದೇ ಸುಲಭ.

ಜಾನಪದ ಎಷ್ಟು, ಸ್ವಂತದ್ದು ಎಷ್ಟು

ಇಡೀ ಪ್ರಕರಣದ ಕಷ್ಟದ ಜಾಗ ಇದು. ಜಾನಪದ ಎಂದು ಬರೆದ ಗಳಿಗೆಯಲ್ಲಿ ಬರೆದವನು ಇಲ್ಲವಾಗುತ್ತಾನೆ, ರಾಯಲ್ಟಿ ಕೇಳುವವರೂ ಇರುವುದಿಲ್ಲ. ಕೆಲವೊಮ್ಮೆ ನಿಜವಾದ ಅಜ್ಞಾನದಿಂದ, ಕೆಲವೊಮ್ಮೆ ಬೇಕೆಂದೇ ಹಾಗೆ ಬರೆಯುತ್ತಾರೆ. ಜಾನಪದ ಸಂಗ್ರಹಕ್ಕೆ ಬದುಕು ಕೊಟ್ಟ ಎಸ್.ಕೆ. ಕರೀಂಖಾನ್ ಅವರ ನೆಲದಲ್ಲಿ ಸುಗ್ಗಿಯ ಪದ ಯಾವುದು, ಅದರ ಧಾಟಿಯಲ್ಲಿ ನಿನ್ನೆ ಕಟ್ಟಿದ್ದು ಯಾವುದು ಎಂದು ಹಾಡುವವರಿಗೆ ಗೊತ್ತಿರುತ್ತದೆ. ಗೊತ್ತಿರುವುದನ್ನು ಕೋರ್ಟು ಒಪ್ಪುವ ಪುರಾವೆ ಮಾಡುವುದು ಬೇರೆ ಕೆಲಸ.

ವಕೀಲರು ಮಾಡಿದ್ದು ಇಷ್ಟು. ಒಂದು ಹಾಳೆಯಲ್ಲಿ ಎರಡು ಅಂಕಣ. ಎಡಕ್ಕೆ ಹಾಡಿನ ಒಂದೊಂದು ಸಾಲು, ಬಲಕ್ಕೆ ಅದರ ಮೂಲ. ಪಲ್ಲವಿಯ ಎರಡು ಸಾಲಿನ ಎದುರು ‘ಸುಗ್ಗಿ, ಪರಂಪರೆ’ ಎಂದು ನೇರವಾಗಿ ಬರೆಯಲಾಯಿತು. ಕಕ್ಷಿದಾರರಿಗೆ ಅದು ರುಚಿಸಲಿಲ್ಲ. ಪಲ್ಲವಿಯಲ್ಲಿ ತಾನು ಒಂದು ಪದ ತಿದ್ದಿದ್ದೇನೆ ಎಂದರು. ಒಂದು ಪದದ ತಿದ್ದುಪಡಿಗೆ ಹಕ್ಕು ಕೇಳಿ ಹದಿನಾರು ಸಾಲಿನ ಹಕ್ಕಿಗೆ ಅನುಮಾನ ತರಿಸಿಕೊಳ್ಳಬಾರದು. 2007ರ ಈಸ್ಟರ್ನ್ ಬುಕ್ ಕಂಪನಿ ತೀರ್ಪಿನ ನಂತರ ಬರೀ ಬೆವರು ಸಾಲದು, ಕೊಂಚವಾದರೂ ಸೃಜನಶೀಲತೆ ಕಾಣಬೇಕು. ಚರಣಗಳಲ್ಲಿ ಅದು ಧಾರಾಳವಾಗಿತ್ತು. ಎರಡನೇ ಚರಣದ ಮೊದಲ ಸಾಲನ್ನೇ ನೋಡಿ: ‘ಬುಟ್ಟಿ ತುಂಬಿದ ಹಣ್ಣು, ಲೆಕ್ಕ ತಪ್ಪಿದ ಕೂಲಿ.’ ತೂಕದ ಕಾಟಾದ ಪಕ್ಕ ನಿಂತವರಿಗೆ ಮಾತ್ರ ಹೊಳೆಯುವ ಸಾಲು. ಚಿತ್ರದಲ್ಲಿ ಇದನ್ನು ‘ಬುಟ್ಟಿ ತುಂಬಿದ ಹಣ್ಣು, ಕಣ್ಣು ತುಂಬಿದ ಚೆಲುವಿ’ ಎಂದು ಮಾಡಿದ್ದರು.

ಪುರಾವೆ ಸಿಕ್ಕಿದ್ದು ಚೆಕ್‌ರೋಲ್ ಪುಸ್ತಕದಲ್ಲೇ. 2019ರ ಜನವರಿಯ ಪುಸ್ತಕದ ಹಿಂಬದಿ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಚರಣಗಳ ಕರಡು, ಹೊಡೆದು ತಿದ್ದಿದ ಗುರುತು ಸಮೇತ. ಮುಂಬದಿಯಲ್ಲಿ ಅದೇ ವಾರದ ಹಾಜರಿ, ಹಣ್ಣಿನ ಕೆಜಿ, ಬಟವಾಡೆಯ ಸಹಿ. ಹಾಡಿನ ಕರಡಿಗೆ ತಾರೀಖು ಇರದಿದ್ದರೂ ಪುಸ್ತಕಕ್ಕೆ ಇತ್ತು. ಪುಸ್ತಕ ತೋಟದ ಸ್ವತ್ತಾದ್ದರಿಂದ ಅದನ್ನು ಕೇಳದೆ ತರುವಂತಿರಲಿಲ್ಲ. ತೋಟದ ಸಾಹುಕಾರರಿಗೆ ಪತ್ರ ಬರೆದು, ಪುಸ್ತಕ ನಾಶವಾಗದಂತೆ ಇಡಲು ಕೋರಿ, ಅವರಿಂದ ದೃಢೀಕೃತ ಪ್ರತಿ ಪಡೆಯಲಾಯಿತು. ಕೂಲಿ ಲೆಕ್ಕ ತಪ್ಪಿದ್ದರ ಬಗ್ಗೆ ಹಾಡಿರುವಾಗ ಸಾಹುಕಾರರು ಕೊಡುತ್ತಾರೋ ಇಲ್ಲವೋ ಎಂಬ ಅಳುಕಿತ್ತು, ಕೊಟ್ಟರು.

ಎರಡನೇ ಪುರಾವೆ ಸ್ಟುಡಿಯೋದವರಿಗೆ ಕಳಿಸಿದ್ದ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳು. ಹಳೆಯ ಫೋನು ಇನ್ನೂ ಇದ್ದದ್ದು ಅದೃಷ್ಟ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದು ದಾಖಲೆ ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಬೆರಳಚ್ಚಿನಂಥ ಸಂಕೇತ, ನಮೂದಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಪ್ರಮಾಣಪತ್ರದ ಮಾದರಿಯನ್ನೇ ಇನ್ನೂ ಟೈಪ್ ಮಾಡಿಸಿ ತರುವವರಿದ್ದಾರೆ, ಅದು ನಡೆಯುವುದಿಲ್ಲ. ಸಂದೇಶವನ್ನು ಫಾರ್ವರ್ಡ್ ಮಾಡಿಸಿಕೊಂಡರೆ ಮೂಲದ ತಾರೀಖು ಹೋಗುತ್ತದೆ. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೂಲ ಫೋನನ್ನು ಸರ್ವಿಸ್‌ಗೆ ಕೊಡದೆ, ಹಾಗೇ ತೆಗೆದಿಡಬೇಕು.

ಕೃತಿಸ್ವಾಮ್ಯ ನೋಂದಣಿ ಆಗಿರಲಿಲ್ಲ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಆದರೆ ನೋಂದಣಿ ಪುಸ್ತಕದ ನಮೂದು ಕೃತಿಸ್ವಾಮ್ಯ ಕಾಯ್ದೆಯ ಕಲಂ 48ರಲ್ಲಿ ಮೇಲ್ನೋಟದ ಪುರಾವೆ, ಆದ್ದರಿಂದ ಆಗಲೇ ಅರ್ಜಿ ಹಾಕಲಾಯಿತು. ಸಾಹಿತ್ಯಕ್ಕೆ 500, ಸಂಗೀತಕ್ಕೆ 500, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ ಮೂವತ್ತು ದಿನ ಕಾಯಬೇಕು. ಪಲ್ಲವಿಯನ್ನು ಅರ್ಜಿಯಲ್ಲಿ ಪರಂಪರೆಯದ್ದು ಎಂದೇ ತೋರಿಸಲಾಯಿತು. ಇಲ್ಲದಿದ್ದರೆ ಕಂಪನಿಯ ಮೊದಲ ಆಕ್ಷೇಪಣೆ ಅದೇ ಆಗುತ್ತಿತ್ತು.

ಯೂಟ್ಯೂಬ್: ಯಾವ ಗುಂಡಿ ಒತ್ತಬಾರದು

ಕಂಟೆಂಟ್ ಐಡಿಗೆ ಯಾರು ಮೊದಲು ಹಾಕಿದರು ಎಂಬುದು ಲೆಕ್ಕಕ್ಕಿಲ್ಲ. ಯಾರು ಉಲ್ಲೇಖ ಕಡತ ಕೊಟ್ಟಿದ್ದಾರೋ ಅವರ ಧ್ವನಿಗೆ ಅಥವಾ ಮಟ್ಟಿಗೆ ಹೊಂದುವುದನ್ನೆಲ್ಲ ಅದು ಹಿಡಿಯುತ್ತದೆ. ಮೂರು ವರ್ಷ ಹಳೆಯ ವಿಡಿಯೋ ಮೇಲೆ ಹೊಸ ಹಾಡಿನ ಕ್ಲೇಮು ಬಿದ್ದದ್ದು ಹಾಗೆ.

ಕ್ಲೇಮು ಬಿದ್ದ ಐದು ದಿನದೊಳಗೆ ಡಿಸ್ಪ್ಯೂಟ್ (ಕ್ಲೇಮಿಗೆ ತಕರಾರು) ಹಾಕಿದ್ದರೆ ಮೊದಲ ದಿನದಿಂದಲೇ ಗಳಿಕೆ ತಡೆಹಿಡಿದು ಇಡುತ್ತಿದ್ದರು. ತಡವಾದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಇಲ್ಲಿ ಸುಮಾರು ಎರಡು ವರ್ಷ ಏನೂ ಮಾಡದೆ ಬಿಟ್ಟಿದ್ದರಿಂದ ಆ ದುಡ್ಡು ಕಂಪನಿಯ ಖಾತೆಗೆ ಹೋಗಿಯಾಗಿತ್ತು. ಅದನ್ನು ಕಂಪನಿಯಿಂದಲೇ ಕೇಳಬೇಕಾಯಿತು.

ಡಿಸ್ಪ್ಯೂಟ್ ಹಾಕಿದ್ದು 2019ರ ವಿಡಿಯೋಗೆ ಮಾತ್ರ. ಉತ್ತರಿಸಲು ಕಂಪನಿಗೆ ಮೂವತ್ತು ದಿನ. ಅವರು ತಿರಸ್ಕರಿಸಿದರು. ಮುಂದಿನ ಗುಂಡಿ ಅಪೀಲು, ಅಲ್ಲಿ ಕಂಪನಿಗೆ ಏಳು ದಿನ. ಆದರೆ ಅಪೀಲನ್ನೂ ತಿರಸ್ಕರಿಸಿ ಕಂಪನಿ ತೆಗೆದುಹಾಕುವ ಕೋರಿಕೆ ಕೊಟ್ಟರೆ ಅದು ಸ್ಟ್ರೈಕ್ ಆಗುತ್ತದೆ. ಚಾನೆಲ್ ಮೇಲೆ ಆಗಲೇ ಒಂದು ಸ್ಟ್ರೈಕ್ ಇತ್ತು, ತೊಂಬತ್ತು ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ. ಆದ್ದರಿಂದ ಮೊದಲ ಸ್ಟ್ರೈಕಿನ ತೊಂಬತ್ತು ದಿನ ಕಳೆಯುವವರೆಗೆ, ಅಂದರೆ ಅಕ್ಟೋಬರ್‌ವರೆಗೆ, ಅಪೀಲು ಬೇಡ ಎಂದು ತೀರ್ಮಾನವಾಯಿತು.

ಶಾಲಾ ವಾರ್ಷಿಕೋತ್ಸವದ ವಿಡಿಯೋಗೆ ಕೌಂಟರ್ ನೋಟಿಫಿಕೇಶನ್ (ತೆಗೆದುಹಾಕಿದ್ದು ತಪ್ಪು ಎಂಬ ಪ್ರತಿ-ಅರ್ಜಿ) ಹಾಕಬೇಕೆಂದು ಕಕ್ಷಿದಾರರು ಹಟ ಹಿಡಿದರು. ಅದು ಅಂಗೀಕಾರವಾದರೆ ಹತ್ತು ಕೆಲಸದ ದಿನದೊಳಗೆ ಕಂಪನಿ ತಾನು ಕೋರ್ಟಿಗೆ ಹೋಗಿದ್ದೇನೆಂದು ತೋರಿಸಬೇಕು, ಇಲ್ಲದಿದ್ದರೆ ವಿಡಿಯೋ ವಾಪಸ್. ಕೇಳಲು ಚೆನ್ನಾಗಿದೆ. ಆದರೆ ಆ ಅರ್ಜಿ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಈ ವಿಡಿಯೋ 2021ರ ಅಗ್ರಿಮೆಂಟಿನ ನಂತರದ್ದು. ‘ಸಂಪೂರ್ಣ ಹಕ್ಕು’ ಎಂಬ ಮಾತನ್ನು ಹಿಡಿದು ಕಂಪನಿ ವಾದಿಸಲು ಜಾಗವಿತ್ತು. ಕಕ್ಷಿದಾರರ ಫೈಲಿನ ಅತಿ ದುರ್ಬಲ ಕಾಗದವನ್ನು ಮುಂದಿಟ್ಟು ಕಂಪನಿಯನ್ನು ತಾನಾಗಿ ಕೋರ್ಟಿಗೆ ಕಳಿಸುವುದು ಜಾಣತನವಲ್ಲ. ಆ ವಿಡಿಯೋ ಬಿಟ್ಟುಬಿಡಲಾಯಿತು.

ಪೊಲೀಸು ಬೇಡ, ಬೆಂಗಳೂರೂ ಬೇಡ

ಕೃತಿಸ್ವಾಮ್ಯ ಕಾಯ್ದೆಯ ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. 2022ರಲ್ಲಿ ನಿಟ್ ಪ್ರೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂಜ್ಞೇಯ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ), ಜಾಮೀನು ರಹಿತ ಅಪರಾಧ ಎಂದಿದೆ. ಈ ತೀರ್ಪನ್ನು ಹಿಡಿದು ಠಾಣೆಗೆ ಹೋಗುವ ಆಸೆ ಸಹಜ. ಆದರೆ ಇನ್ಸ್‌ಪೆಕ್ಟರ್ ಕೇಳುವ ಮೊದಲ ಪ್ರಶ್ನೆ ‘ನೀವು ಸಹಿ ಹಾಕಿದ್ದೀರಾ?’ ಹಾಕಿದ್ದಾರೆ. ಬೇಕೆಂದೇ ಉಲ್ಲಂಘಿಸಿದರು ಎಂದು ತೋರಿಸುವುದು ಅಗ್ರಿಮೆಂಟು ಇರುವಾಗ ಕಷ್ಟ. ಪಾಲು ಕೇಳುವ ತಕರಾರಿಗೆ ಸಿವಿಲ್ ದಾರಿಯೇ ಸರಿ.

ನೋಟಿಸು 2024ರ ಸೆಪ್ಟೆಂಬರ್ 9ರಂದು ಮೂವರಿಗೂ ಹೋಯಿತು: ನಿರ್ಮಾಪಕರು, ಆಡಿಯೋ ಕಂಪನಿ, ಕಾಫಿಪುಡಿ ಬ್ರ್ಯಾಂಡ್. ಮೂರರ ಭಾಷೆಯೂ ಬೇರೆ. ನಿರ್ಮಾಪಕರಿಗೆ ಅಗ್ರಿಮೆಂಟಿನ ಮಿತಿ, ಹೆಸರು ಸೇರಿಸುವ ಬೇಡಿಕೆ. ಕಂಪನಿಗೆ ಲೆಕ್ಕ ಮತ್ತು ಸಮಪಾಲು. ಬ್ರ್ಯಾಂಡಿಗೆ ಒಂದೇ ಪ್ರಶ್ನೆ: ಸಾಹಿತ್ಯ-ಸಂಗೀತದ ಅನುಮತಿ ಯಾರಿಂದ ಪಡೆದಿರಿ, ಪ್ರತಿ ಕಳಿಸಿ. ಜೈಲು, ವಂಚನೆ ಮುಂತಾದ ಮಾತು ಎಲ್ಲೂ ಇಲ್ಲ. ಆಧಾರವಿಲ್ಲದ ಬೆದರಿಕೆಯ ನೋಟಿಸು ಕೊಟ್ಟವರ ಮೇಲೆಯೇ ಕಲಂ 60ರಲ್ಲಿ ದಾವೆ ಹೂಡಬಹುದು ಎಂಬುದನ್ನು ಮರೆತು ಖಾರವಾಗಿ ಬರೆಯುವವರು ಹೆಚ್ಚು.

ಮೂವರಲ್ಲಿ ಮೊದಲು ಅಲುಗಾಡಿದ್ದು ಬ್ರ್ಯಾಂಡ್. ಜಾಹೀರಾತಿನ ಲೈಸೆನ್ಸ್ ಕರಾರಿನಲ್ಲಿ, ಮೂರನೆಯವರು ಹಕ್ಕು ಕೇಳಿದರೆ ನಷ್ಟ ತುಂಬಿಕೊಡುವ ಹೊಣೆ ಲೈಸೆನ್ಸ್ ಕೊಟ್ಟವರದ್ದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇಲ್ಲೂ ಇತ್ತು. ಬ್ರ್ಯಾಂಡಿನವರು ಹತ್ತು ದಿನದಲ್ಲಿ ಜಾಹೀರಾತು ಇಳಿಸಿ, ಕಂಪನಿಗೆ ಪತ್ರ ಹಾಕಿದರು. ಅಲ್ಲಿಯವರೆಗೆ ಸುಮ್ಮನಿದ್ದ ಕಂಪನಿ ಆಮೇಲೆ ವಕೀಲರ ಮೂಲಕ ಉತ್ತರ ಕೊಟ್ಟಿತು. ಹಣ ಕೊಟ್ಟು ಹಾಡು ಕೊಂಡವರನ್ನು ಮೊದಲು ಹುಡುಕುವುದು ಈ ಕ್ಷೇತ್ರದ ವಕೀಲರು ಬೇಗ ಕಲಿಯುವ ಪಾಠ.

ದಾವೆ ಎಲ್ಲಿ ಎಂಬ ಪ್ರಶ್ನೆಗೆ ಕಲಂ 62(2) ಉತ್ತರ: ಹಕ್ಕುದಾರ ವಾಸವಿರುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲಿ. 2015ರ ಸಂಜಯ್ ದಾಲಿಯಾ ತೀರ್ಪು ಈ ಸೌಲಭ್ಯವನ್ನು ದೂರದ ಶಾಖೆಯಿಂದ ದಾವೆ ಹೂಡುವ ಕಂಪನಿಗಳಿಗೆ ಕಟ್ಟುಹಾಕಿದೆಯೇ ಹೊರತು ಸಕಲೇಶಪುರದಲ್ಲೇ ಇರುವವರಿಗಲ್ಲ. ಹಾಸನವೇ ಸಾಕು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ಬೌದ್ಧಿಕ ಆಸ್ತಿ ತಕರಾರು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರ ಅಡಿ ಬರುತ್ತದೆ. ಇಲ್ಲಿ ಕೇಳಿಕೆ 4,50,000. ಮೊತ್ತವನ್ನು ಸುಮ್ಮನೆ ಏರಿಸಿದರೆ ಕೋರ್ಟ್ ಫೀ ಏರುತ್ತದೆ, ಗಳಿಕೆ ಏರುವುದಿಲ್ಲ.

ಜಾಹೀರಾತು ಇಳಿದ ಮೇಲೆ ತುರ್ತು ತಡೆಯಾಜ್ಞೆ ಕೇಳಲು ಕಾರಣ ಉಳಿಯಲಿಲ್ಲ. ತುರ್ತು ಇಲ್ಲದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12-ಎ ಪ್ರಕಾರ ದಾವೆಗೆ ಮುಂಚಿನ ಮಧ್ಯಸ್ಥಿಕೆ ಕಡ್ಡಾಯ. 2022ರ ಪಾಟೀಲ್ ಆಟೋಮೇಷನ್ ತೀರ್ಪಿನ ನಂತರ ಅದನ್ನು ಬಿಟ್ಟು ಹಾಕಿದ ದಾವೆ ತಿರಸ್ಕೃತವಾಗುತ್ತದೆ. ನವೆಂಬರ್‌ನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಮೂನೆ-1, 1,000 ರೂಪಾಯಿ ಶುಲ್ಕದೊಂದಿಗೆ ಹೋಯಿತು. ಅವಧಿ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಆ ದಿನಗಳು ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಪರಿಹಾರದ ದಾವೆಗೆ ಉಲ್ಲಂಘನೆಯಾದ ದಿನದಿಂದ ಮೂರು ವರ್ಷ. 2022ರ ಆಗಸ್ಟ್‌ನ ಗಳಿಕೆಗೆ 2025ರ ಆಗಸ್ಟ್ ಗಡಿ. ಇನ್ನೊಂದು ವರ್ಷ ತಡವಾಗಿ ಬಂದಿದ್ದರೆ ಹಾಡು ಜೋರಾಗಿ ಓಡಿದ ಮೊದಲ ತಿಂಗಳುಗಳ ದುಡ್ಡೇ ಕೈಬಿಡುತ್ತಿತ್ತು.

ಸಮಪಾಲು, ಆದರೆ ಯಾವುದರಲ್ಲಿ?

ಮಾತುಕತೆಯಲ್ಲಿ ಎರಡು ಬೈಠಕ್ಕು ಈ ಒಂದು ಪ್ರಶ್ನೆಗೇ ಹೋಯಿತು. ಕಂಪನಿ 2024ರ ಡಿಸೆಂಬರ್‌ವರೆಗಿನ ನಿವ್ವಳ ಗಳಿಕೆ 4,80,000 ಎಂದು ಲೆಕ್ಕ ಕೊಟ್ಟಿತು. ಕಕ್ಷಿದಾರರ ಪ್ರಕಾರ ಅರ್ಧ, 2,40,000. ಕಾಯ್ದೆ ಹಾಗೆ ಹೇಳುವುದಿಲ್ಲ. ಸಮಪಾಲು ಇರುವುದು ಸಾಹಿತ್ಯ-ಸಂಗೀತದ ಬಳಕೆಯ ರಾಯಲ್ಟಿಯಲ್ಲಿ. ಧ್ವನಿಮುದ್ರಣದ ಗಳಿಕೆ ಕಂಪನಿಯದ್ದು. ಎರಡನ್ನೂ ಬಿಡಿಸುವ ಶೇಕಡಾವಾರು ಕಾಯ್ದೆಯಲ್ಲಿ ಇಲ್ಲ. ಸಾಹಿತ್ಯ-ಸಂಗೀತದ ಭಾಗ ಶೇಕಡಾ ಹತ್ತು ಮಾತ್ರ ಎಂದು ಕಂಪನಿ ಕೂತಿತು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್, ಎಫ್‌ಎಂ ಕೇಂದ್ರಗಳು ಧ್ವನಿಮುದ್ರಣ ಪ್ರಸಾರ ಮಾಡಿದಾಗಲೂ ಬರೆದವರಿಗೆ ಪ್ರತ್ಯೇಕ ರಾಯಲ್ಟಿ ಸಲ್ಲಬೇಕು ಎಂದ ಆದೇಶವನ್ನು ಮುಂದಿಟ್ಟ ಮೇಲೆ ಇಪ್ಪತ್ತೈದಕ್ಕೆ ಒಪ್ಪಿತು. 1,20,000ದಲ್ಲಿ ಅರ್ಧ 60,000. ಇದರಲ್ಲಿ ಸಾಹಿತ್ಯಕ್ಕೆ 30,000, ಸಂಗೀತಕ್ಕೆ 30,000. ಪಲ್ಲವಿಯ ಮಟ್ಟು ಪರಂಪರೆಯದ್ದು ಎಂದು ಮೊದಲೇ ಒಪ್ಪಿದ್ದರಿಂದ ಸಂಗೀತದ ಪಾಲಿನಲ್ಲಿ ಮೂರನೇ ಒಂದು ಕಳೆದರು. ಉಳಿದದ್ದು 50,000.

ಜಾಹೀರಾತಿನ ಲೆಕ್ಕ ಬೇರೆ. ಲೈಸೆನ್ಸ್ ಮೊತ್ತ 1,60,000. ಇಂಥ ಬಳಕೆಯಲ್ಲಿ ಧ್ವನಿಮುದ್ರಣಕ್ಕೆ ಅರ್ಧ, ಕೃತಿಗೆ ಅರ್ಧ ಎಂಬ ರೂಢಿಯಿದೆ. ಕೃತಿಯ 80,000ದಲ್ಲಿ ಸಮಪಾಲಿನ ಮಾತಿಲ್ಲ, ಏಕೆಂದರೆ ‘ಚಿತ್ರಕ್ಕಾಗಿ’ ಪಡೆದ ಹಕ್ಕಿನಲ್ಲಿ ಕಾಫಿಪುಡಿ ಮಾರುವುದು ಸೇರಿಲ್ಲ. ಬಳಸಿದ್ದು ಚರಣ, ಅದು ಪೂರ್ತಿ ಸ್ವಂತದ್ದು. 80,000 ಪೂರ್ತಿ ಬಂತು. 2019ರ ವಿಡಿಯೋದಿಂದ ತಿರುಗಿಸಿಕೊಂಡಿದ್ದ 22,000 ವಾಪಸ್. ಒಟ್ಟು 1,52,000. ರಾಯಲ್ಟಿ, ಲೈಸೆನ್ಸ್ ಭಾಗವಾದ 1,30,000ಕ್ಕೆ ಆದಾಯ ತೆರಿಗೆ ಕಾಯ್ದೆಯ 194-ಜೆ ಅಡಿ ಹತ್ತು ಶೇಕಡಾ, 13,000 ಮುರಿದುಕೊಂಡು ಕೊಟ್ಟರು. ಜಿಎಸ್‌ಟಿ ಹೊಣೆ ಈ ವರ್ಗದಲ್ಲಿ ಹಕ್ಕು ಪಡೆಯುವ ಕಂಪನಿಯ ಮೇಲೆಯೇ ಇರುವುದರಿಂದ ರೈಟರ್ ನೋಂದಣಿ ಮಾಡಿಸಬೇಕಾಗಿರಲಿಲ್ಲ.

ಸಿಗದಿದ್ದದ್ದು: ಬದಲಾದ ಸಾಲು. ಕಲಂ 57ರಲ್ಲಿ ಕೃತಿ ವಿರೂಪಕ್ಕೆ ಪರಿಹಾರ ಇದೆ, ಆದರೆ ಅದರಿಂದ ಕರ್ತೃವಿನ ಮಾನಕ್ಕೆ ಹಾನಿಯಾಗಿರಬೇಕು. ಕೂಲಿಯ ಲೆಕ್ಕ ಚೆಲುವಿಯಾದದ್ದು ಸಾಹಿತ್ಯಕ್ಕೆ ನಷ್ಟವೇ, ಮಾನಹಾನಿ ಎಂದು ಸಾಧಿಸುವುದು ಕಷ್ಟ. ಅದನ್ನು ಬಿಟ್ಟುಕೊಟ್ಟು ಅದೇ ಕಲಮಿನ ಇನ್ನೊಂದು ಅರ್ಧ, ಅಂದರೆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಗಟ್ಟಿ ಹಿಡಿಯಲಾಯಿತು. ‘ಪಲ್ಲವಿ: ಸುಗ್ಗಿ ಪರಂಪರೆ, ಚರಣ ಸಾಹಿತ್ಯ ಮತ್ತು ಸಂಗೀತ’ ಎಂದು ಅವರ ಹೆಸರಿನೊಡನೆ ಯೂಟ್ಯೂಬ್ ವಿವರಣೆ, ಸ್ಟ್ರೀಮಿಂಗ್ ವೇದಿಕೆಗಳ ಮೆಟಾಡೇಟಾ (ಹಾಡಿನ ಜೊತೆ ದಾಖಲಾಗುವ ಹಕ್ಕುದಾರರ ವಿವರ) ಎರಡರಲ್ಲೂ ಹದಿನೈದು ದಿನದಲ್ಲಿ ತಿದ್ದಬೇಕೆಂದು ಬರೆಸಲಾಯಿತು. ವಿವರಣೆ ಮಾತ್ರ ತಿದ್ದಿಸಿ ಮೆಟಾಡೇಟಾ ಮರೆತರೆ ದುಡ್ಡು ಹಳೆಯ ದಾರಿಯಲ್ಲೇ ಹೋಗುತ್ತಿರುತ್ತದೆ. 2025ರ ಫೆಬ್ರುವರಿಯಲ್ಲಿ ಸಹಿಯಾದ ಒಪ್ಪಂದಕ್ಕೆ 12-ಎ(5)ರ ಪ್ರಕಾರ ಪಂಚಾಟ ತೀರ್ಪಿನ ಬಲ ಇದೆ, ಅಂದರೆ ತಪ್ಪಿದರೆ ನೇರ ಅಮಲ್ಜಾರಿ.

ಈ ಕೆಲಸಕ್ಕೆ ಬೇಕಾದ ವಕೀಲ

ಹಾದಿ ಉಳಿದ ವಕೀಲರದ್ದೇ: ಪಿಯುಸಿ ನಂತರ ಐದು ವರ್ಷ ಅಥವಾ ಪದವಿಯ ನಂತರ ಮೂರು ವರ್ಷದ ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನ ನೋಂದಣಿ, ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಬೌದ್ಧಿಕ ಆಸ್ತಿ ಡಿಪ್ಲೊಮಾ, ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಅಕಾಡೆಮಿಯ ಉಚಿತ ಆನ್‌ಲೈನ್ ಕೋರ್ಸು ಉಪಯೋಗಕ್ಕೆ ಬರುತ್ತವೆ. ಆದರೆ ಪಳಗುವುದು ಕರಾರು ಓದಿ ಓದಿ. ಲೇಬಲ್‌ಗಳ ರಾಯಲ್ಟಿ ಲೆಕ್ಕಪತ್ರದಲ್ಲಿ ನಿವ್ವಳ ಎಂಬ ಪದದ ಮುಂಚೆ ಏನೇನು ಕಳೆದಿದ್ದಾರೆ ಎಂದು ನೋಡುವ ಕಣ್ಣು ಬೇಕು. ಹಾಸನದಂಥ ಊರಿನಲ್ಲಿ ಇದೊಂದರಿಂದಲೇ ಆಫೀಸು ನಡೆಯುವುದಿಲ್ಲ. ಹೋಂಸ್ಟೇ, ಕಾಫಿ, ಮಸಾಲೆ ಬ್ರ್ಯಾಂಡುಗಳ ಟ್ರೇಡ್‌ಮಾರ್ಕ್ ಅರ್ಜಿಗಳು (ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500) ಬಾಡಿಗೆ ಕಟ್ಟಿಸುತ್ತವೆ.

ಫೀ ವಿಚಾರ ಇಲ್ಲಿ ಸೂಕ್ಷ್ಮ. ‘ಬಂದದ್ದರಲ್ಲಿ ಕಾಲು ಭಾಗ ನಿಮಗೆ’ ಎಂದು ರೈಟರ್ ಹೇಳಿದ್ದರು. ಫಲಿತಾಂಶಕ್ಕೆ ಗಂಟುಹಾಕಿದ ಫೀ, ಬಂದ ಹಣದಲ್ಲಿ ಪಾಲು, ಎರಡೂ ವಕೀಲರ ಪರಿಷತ್ತಿನ ನಿಯಮದಲ್ಲಿ ನಿಷಿದ್ಧ. ನೋಟಿಸಿಗೆ ಇಷ್ಟು, ಮಧ್ಯಸ್ಥಿಕೆಗೆ ಇಷ್ಟು ಎಂದು ಕಂತಿನಲ್ಲಿ ಬರೆದುಕೊಳ್ಳಲಾಯಿತು. ನಡುವೆ ಸ್ಟುಡಿಯೋದವರೂ ಇದೇ ವಕೀಲರ ಬಳಿ ಬಂದು, ವಾದ್ಯ ಸಂಯೋಜನೆ ತಮ್ಮದೆಂದು ಪಾಲು ಕೇಳಿದರು. ಅವರನ್ನು ಬೇರೆ ವಕೀಲರ ಬಳಿ ಕಳಿಸಬೇಕಾಯಿತು. ಊರು ಚಿಕ್ಕದಾದಷ್ಟೂ ಇಂಥ ಇಕ್ಕಟ್ಟು ಹೆಚ್ಚು.

ಬಾಕಿ ಇರುವುದು

ಗೀತರಚನೆಕಾರರು, ಸಂಯೋಜಕರ ಪರ ರಾಯಲ್ಟಿ ವಸೂಲು ಮಾಡುವ ಕೃತಿಸ್ವಾಮ್ಯ ಸಂಘವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವ ಅರ್ಜಿ, ಅದರ ಜೊತೆ ಹಾಡಿನ ವಿವರ ಸಲ್ಲಿಕೆ. ಸದಸ್ಯರಾಗಿ ಹಾಡು ದಾಖಲಿಸದೆ ಬಿಟ್ಟರೆ ಏನೂ ಬರುವುದಿಲ್ಲ. ಎಷ್ಟೋ ಮಂದಿ ಅಲ್ಲಿಗೇ ನಿಲ್ಲಿಸಿರುತ್ತಾರೆ.

2026ರ ನವೆಂಬರ್ 14ಕ್ಕೆ ಐದು ವರ್ಷ ತುಂಬುತ್ತದೆ. ಚಿತ್ರದೊಳಗೆ ಕೂತ ಹಾಡನ್ನು ಕಿತ್ತು ತೆಗೆಯಿರಿ ಎಂದು ವಾದಿಸುವುದು ಕಷ್ಟ, ವಾದಿಸುವುದರಿಂದ ಲಾಭವೂ ಇಲ್ಲ. ಆದರೆ ಆಮೇಲಿನ ರೀಮಿಕ್ಸು, ಜಾಹೀರಾತು, ರಿಂಗ್‌ಟೋನು, ಬೇರೆ ಭಾಷೆಯ ಆವೃತ್ತಿ, ಎಲ್ಲಕ್ಕೂ ಹೊಸ ಕಾಗದ ಬೇಕು. ಅದರ ಕರಡು ಫೈಲಿನಲ್ಲಿದೆ: ಬಳಕೆ ಒಂದೊಂದಕ್ಕೂ ಬೇರೆ ಅನುಮತಿ, ಮೂರು ವರ್ಷದ ಅವಧಿ, ಆರು ತಿಂಗಳಿಗೊಮ್ಮೆ ಲೆಕ್ಕ, ಲೆಕ್ಕ ಪರಿಶೀಲಿಸುವ ಹಕ್ಕು, ಸಾಲು ಬದಲಿಸಿದರೆ ಮುಂಚಿತ ಲಿಖಿತ ಒಪ್ಪಿಗೆ. ಅವಧಿ ಮುಗಿಯುವ ಮೂರು ತಿಂಗಳ ಮೊದಲು, ಅಂದರೆ ಆಗಸ್ಟ್ ಮಧ್ಯದಲ್ಲಿ, ಕಂಪನಿಗೆ ಪತ್ರ ಹೋಗಬೇಕೆಂದು ಡೈರಿಯಲ್ಲಿ ಗುರುತು ಹಾಕಲಾಗಿದೆ.